ಮೂವತ್ತೊಂದನೇ ಸಾಲು

ತಿಕೋಟಾ ದಾಟಿದ ಮ್ಯಾಲೆ, ಮಣೂಕದ ಶೆಡ್ಡಿನ್ಯಾಗ,
ಗಂಧಕದ ಘಾಟು ಕೀಬೋರ್ಡಿನ ಸಂದಿಗೂ ಇಳದಿತ್ತು.
ಅಲ್ಲೇ ಕುಂತು ನಾ ಮೊದಲನೇ ಮ್ಯಾಕ್ರೊ ಬರದೆ.

ಆಗ ಲೆಕ್ಕ ಅಂದ್ರ ಬರೇ ವಿಳಾಸ:
ಬಿ ನಾಲ್ಕರಿಂದ ಎಫ್ ಮೂವತ್ತರ ತನಕ.
ಮ್ಯಾಲೊಂದು ಸಾಲು ಸೇರಿಸಿದ್ರ ಸಾಕು,
ಮಂದಿ ಕೆಳಗ ಸರದಿರ್ತಿದ್ರು,
ಮ್ಯಾಕ್ರೊ ಮಾತ್ರ ಹಳೇ ಬಾಗಲಾನ ಬಡೀತಿತ್ತು.

ಅದಕ್ಕ ಹೆಸರಿಡೋದು ಕಲತೆ.
ಎರಡು ಶಬ್ದದ ನಡುವ ಜಾಗ ಬಿಟ್ಟೆ, ಒಲ್ಲೆ ಅಂತು.
ಅಂಕಿಯಿಂದ ಶುರು ಮಾಡಿದೆ, ಅದೂ ಒಲ್ಲೆ.
ಕಡೀಕ ಒಂದು ಅಡಿಗೆರಿ ಎಳದು ಗಂಟು ಹಾಕಿ
ಆಳಿನ_ಪಗಾರ ಅಂತ ಇಟ್ಟೆ.
ಕಿವ್ಯಾಗ ಕುರ್ರ್ ಅನ್ನಲಿಲ್ಲ, ಗುಗ್ಗರಿ ಹಂಚಲಿಲ್ಲ.
ವಿಳಾಸದ ಹಿಂದ ಮುಂದ ನಾಲ್ಕು ಡಾಲರ್ ಚಿನ್ಹೆ
ಬಾಂದಗಲ್ಲಿನಂಗ ತಾವಾಗೇ ನೆಟ್ಟುಕೊಂಡುವು
(ಈ ಶೆಡ್ಡಿಗೆ ಬಂದ ಡಾಲರ್ ಅವಿಷ್ಟೇ).

ನಡುವ ಸಾಲು ತೂರಿಸಿದ್ರ ಹೆಸರು ಹಿಗ್ಗುತ್ತಿತ್ತು,
ತಗದ್ರ ಕುಗ್ಗುತ್ತಿತ್ತು,
ಇಡೀ ಪಟ್ಟಿ ಎತ್ತಿ ಆ ಮೂಲಿಗೆ ಒಯ್ದ್ರೂ
ಬೆನ್ನು ಹತ್ತಿ ಬರ್ತಿತ್ತು.
"ಸುಗಂಧಾ, ಮಷೀನಿಗೆ ಮಂದಿ ಗುರ್ತು ಹತ್ತೇತಿ ನೋಡು"
ಅಂದ ಮಾಲಕ ಮುರಿಗೆಪ್ಪ.
ನಾ ನಕ್ಕೆ. ನಂಬಿದೆ ಕೂಡ.

ಬಿಸಲು ಏರಿತು. ತಾಂಡಾದಿಂದ ಟಂಟಂ ತುಂಬ ಆಳು.
ಎಲ್ಲಾರಿಗಿಂತ ಕಡೀಕ ಬಂದಾಕಿ ಘಮಲಾಬಾಯಿ.
ತೊಟ್ಟು ಬಿಡಸೋ ಬೆರಳು ನೋಡಬೇಕಿತ್ತು,
ಕಾಳಿಗೆ ಗೊತ್ತಾಗಧಂಗ ತೊಟ್ಟು ಹಾರ್ತಿತ್ತು.
ಹೆಸರು ಕೇಳಿ, ಮೂವತ್ತನೇ ಸಾಲಿನ ಕೆಳಗ
ಖಾಲಿ ಇದ್ದಲ್ಲೇ ಬರದೆ.
ದಿನಾಲು ಹಾಜರಿ ಹಾಕಿದೆ: ಒಂದು, ಒಂದು, ಅರ್ಧ, ಒಂದು.

ಮೂರು ಶನಿವಾರ ಗುಂಡಿ ಒತ್ತಿದೆ.
ಮೂರೂ ಸಲ ಚೀಟಿ ಇಪ್ಪತ್ತೇಳು.
"ಹೊಸಬರದು ಒಮ್ಮಿಗೇ ಬರ್ತೈತಿ, ತಡಿ"
ಅಂತ ಮುಕಾದಮ ಅಂದಿದ್ನಂತ.
ಆಕಿ ತಡದಿದ್ಲು.

ನಾಲ್ಕನೇ ಶನಿವಾರ ಬಾಗಲದಾಗ ನಿಂತು
ಬೆರಳಿನ ಅಂಟು ಸೆರಗಿಗೆ ವರಸ್ಕೋತ ಕೇಳಿದ್ಲು:
"ಅಕ್ಕಾ, ಇದರಾಗ ನನ್ನ ಹೆಸರಿಲ್ಲೇನು?"

ಐತಿ ಅಂದೆ. ಪರದಿ ತಿರುವಿದೆ.
ಆಕಿಗೆ ಓದು ಬರ್ತಿರಲಿಲ್ಲ, ಬೆರಳಿಟ್ಟು ತೋರಿಸಿದೆ.
ಆಮ್ಯಾಲೆ, ಮೂಲ್ಯಾಗಿನ ಹೆಸರಿನ ಪೆಟಿಗಿ ತಗದು
ಆಳಿನ_ಪಗಾರ ಆರಿಸಿದೆ.
ಇಪ್ಪತ್ತೇಳು ಸಾಲು ಒಮ್ಮಿಗೇ ಬೂದಿಬಣ್ಣ ಹೊದ್ದುವು.
ಗೆರಿ ಆಕಿ ನೆತ್ತಿಮ್ಯಾಲೆ ಬಂದು ನಿಂತಿತ್ತು.
ಘಮಲಾಬಾಯಿ ಕೆಳಗ, ಬೆಳ್ಳನ ಬಯಲಾಗ.

ಹೆಸರಿತ್ತು. ಹೆಸರಿನ ಹೊರಗ.

ತಪ್ಪು ಅಂತ ಒಂದು ಸೂಚನಾ ಬಂದಿರಲಿಲ್ಲ,
ಮ್ಯಾಕ್ರೊ ಎಲ್ಲೂ ಎಡವಿರಲಿಲ್ಲ,
ಹೇಳಿದಷ್ಟು ಮಾಡಿತ್ತು.
ಹೇಳಿದಾಕಿ ನಾ.

"ಮಷೀನ್ ತಪ್ಪು ಅನ್ನು, ಮುಗೀತು" ಅಂದ ಮುರಿಗೆಪ್ಪ.
ಅನ್ನಲಿಲ್ಲ.
"ನೀ ಬರೂಕಿಂತ ಮೊದಲ ಬೇಲಿ ಹಾಕಿದ್ದೆ, ಮರತೆ" ಅಂದೆ.
ಆಕಿ ರೊಕ್ಕ ಎರಡು ಸಲ ಎಣಿಸಿ
ಮೂರನೇ ಸಲ ನನ್ನ ಕೈಲೆ ಎಣಿಸಿದ್ಲು.

ಈಗ ಪಟ್ಟಿ ಕಡೀಕ ಒಂದು ಖಾಲಿ ಸಾಲು,
ಹೆಸರಿನ ಒಳಗ.
ಎ ಕಾಲಮ್ಮಿನ್ಯಾಗ ಬರದಿಟ್ಟೇನಿ:
ಹೊಸಬರನ್ನ ಇದರ ಮ್ಯಾಲೆ ತೂರಸ್ರಿ.

ವಾರಾ ವಾರಾ ಗುಂಡಿ ಒತ್ತಿದಾಗ
ಯಾರದೂ ಅಲ್ಲದ ಒಂದು ಚೀಟಿ ಬರ್ತೈತಿ:
ದಿನ ಸೊನ್ನಿ, ರೊಕ್ಕ ಸೊನ್ನಿ.
"ಕಾಗದ ಯಾಕ ಹಾಳು?" ಅಂತಾನ ಮುರಿಗೆಪ್ಪ.
ಹರಿಯೂದಿಲ್ಲ ನಾ.
ಸೋಮವಾರ ಟಂಟಂ ನಿಂತಾಗ
ಅದನ್ನ ಬೋರಲಾ ಹಾಕಿ, ಪೆನ್ನು ಹಿಡದು
ಹೊರಗ ಹೋಗತೀನಿ:
ಏನವಾ, ನಿನ್ನ ಹೆಸರು?